ಕಲ್ಯಾಣಿಗೆ 'ಮೇಚ' ಬಂದ ಬಗೆ

ರಾಜಾಜಿನಗರದ ಒಂದು ರಾಮೋತ್ಸವದ ಚಪ್ಪರ. ಪಾನಕ ಕೋಸಂಬರಿಗಳ ವಿನಿಯೋಗ ಮುಗಿದಿತ್ತು; ಕಚೇರಿ ಇನ್ನೂ ಆರಂಭವಾಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ವೃದ್ಧರೊಬ್ಬರು ಕಾರ್ಯಕ್ರಮದ ಪಟ್ಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿ, "ಇದೇನು ಸ್ವಾಮಿ, ನಟಭೈರವಿ ಎಂದು ಹಾಕಿಬಿಟ್ಟಿದ್ದಾರೆ! ಟಕಾರ ಅಲ್ಲ, ಠಕಾರ. ಇದ್ದ ಹಾಗೆ ಓದಿಕೊಂಡರೆ ಆಕೆ ನಾಟಕಪ್ರಿಯ ಹಾಡಬೇಕಾದೀತು" ಎಂದರು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪು ಹೊಸದಲ್ಲ. ಆದರೆ ಒಂದು ಅಕ್ಷರದ ತಪ್ಪಿನಿಂದ ಒಂದು ರಾಗ ಇನ್ನೊಂದು ರಾಗದ ಮನೆಗೆ ಹೋಗಿ ಸೇರುತ್ತದೆಂಬ ಮಾತನ್ನು ಅಷ್ಟು ಸಹಜವಾಗಿ ಯಾರೂ ಆಡಿದ್ದನ್ನು ಕೇಳಿರಲಿಲ್ಲ.

ಅದೇ ವಾರ ವಿಜಯನಗರದಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗಳು ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವ ಉದ್ಯೋಗದಲ್ಲಿದ್ದಾಳೆ. "ಚಿಕ್ಕಪ್ಪ, ನೀವು ಅಕ್ಷರದವರು, ಒಂದು ತಮಾಷೆ ನೋಡಿ" ಎಂದು ಪರದೆಯ ಮೇಲೆ ಎರಡು ವಿಚಿತ್ರ ಹೆಸರುಗಳನ್ನು ತೋರಿಸಿದಳು. ಒಂದರ ಅಕ್ಷರಗಳು ಎ, ಝಡ್, ಡಿ, ಡಬ್ಲ್ಯು, ಬಿ, ಐ, ಇ. ಇನ್ನೊಂದರವು ಸಿ, 7, ಡಿ, ಐ, ಎ, ಜಿ, ಕ್ಯು. ಎರಡಕ್ಕೂ ಅರ್ಥವಿಲ್ಲ, ಒಂದಕ್ಕೊಂದು ಹೋಲಿಕೆಯೂ ಇಲ್ಲ. ಆದರೂ ಯಂತ್ರ ಮುಂದುವರಿಯಲು ಒಪ್ಪದೆ, ಈ ಎರಡು ಹೆಸರುಗಳ ಸಂಖ್ಯೆ ಒಂದೇ ಆಗಿದೆ, ಒಂದನ್ನು ಬದಲಾಯಿಸಿ ಎಂದು ಹೇಳಿ ನಿಂತುಬಿಟ್ಟಿತು. ಚಪ್ಪರದ ವೃದ್ಧರ ಮಾತೂ ಯಂತ್ರದ ಮಾತೂ ಒಂದೇ ಎಂದು ನನಗೆ ಆಗ ಹೊಳೆಯಿತು. ಹೆಸರಿನಿಂದ ಸಂಖ್ಯೆಯನ್ನು ಹುಟ್ಟಿಸುವವರಿಗೆಲ್ಲ ಬರುವ ತೊಂದರೆ ಇದು. ನಮ್ಮ ಸಂಗೀತಗಾರರು ಅದನ್ನು ಇನ್ನೂರು ವರ್ಷಗಳ ಹಿಂದೆಯೇ ಕಂಡಿದ್ದರು. ಅದಕ್ಕೆ ಅವರು ಮಾಡಿದ ಉಪಾಯಗಳು ಇವತ್ತಿಗೂ ರಾಗಗಳ ಹೆಸರಿನಲ್ಲಿಯೇ ಉಳಿದಿವೆ.

ವೃದ್ಧರು ಲೆಕ್ಕ ಹಾಕಿದ್ದು ಕಟಪಯಾದಿ ಸೂತ್ರದ ಪ್ರಕಾರ. ಕ, ಟ, ಪ, ಯ ಈ ನಾಲ್ಕು ಅಕ್ಷರಗಳಿಗೂ 1. ಅವುಗಳ ಮುಂದಿನ ಖ, ಠ, ಫ, ರಗಳಿಗೆ 2. ಗ, ಡ, ಬ, ಲಗಳಿಗೆ 3. ಘ, ಢ, ಭ, ವಗಳಿಗೆ 4. ಙ, ಣ, ಮ, ಶಗಳಿಗೆ 5. ಪವರ್ಗ ಮಕಾರಕ್ಕೇ ಮುಗಿಯುವುದರಿಂದ ಮುಂದೆ ಮೂರು ಮೂರೇ: ಚ, ತ, ಷ 6, ಛ, ಥ, ಸ 7, ಜ, ದ, ಹ 8, ಝ, ಧ, ಳ 9. ಞ, ನ ಎರಡಕ್ಕೂ ಸೊನ್ನೆ. ವ್ಯಂಜನದ ಮೇಲೆ ಯಾವ ಸ್ವರ ಕುಳಿತಿದ್ದರೂ ಲೆಕ್ಕವಿಲ್ಲ. ಹೀಗೆ ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಭಾರತಕ್ಕೆ 'ಜಯ' ಎಂಬ ಹೆಸರುಂಟಷ್ಟೆ? ಜ ಎಂದರೆ 8, ಯ ಎಂದರೆ 1. ತಿರುಗಿಸಿದರೆ 18, ಪರ್ವಗಳ ಸಂಖ್ಯೆ.

ಆದರೆ 'ದಯೆ'ಯೂ 18, 'ಹಯ'ವೂ 18. ಮೂವತ್ತನಾಲ್ಕು ವ್ಯಂಜನಗಳನ್ನು ಹತ್ತು ಅಂಕಿಗಳ ಪೆಟ್ಟಿಗೆಗೆ ತುಂಬಿದ ಮೇಲೆ ಹೀಗಾಗದೆ ಗತಿಯಿಲ್ಲ. ಹೆಸರಿನಿಂದ ಸಂಖ್ಯೆಗೆ ಹೋಗುವ ದಾರಿಯುಂಟು. ಸಂಖ್ಯೆಯಿಂದ ಹೆಸರಿಗೆ ಮರಳುವ ದಾರಿಯಿಲ್ಲ. ಈ ಪದ್ಧತಿಯನ್ನು ಮೊದಲು ಹೇರಳವಾಗಿ ಬಳಸಿದ ಕೇರಳದ ಜ್ಯೋತಿಷಿಗಳಿಗೆ ಇದು ಕೊರತೆಯಾಗಿ ಕಾಣಲಿಲ್ಲ, ವರವಾಗಿಯೇ ಕಂಡಿತು. ಹರಿದತ್ತನ ಗ್ರಹಚಾರನಿಬಂಧನದ ಕಾಲ ಕ್ರಿ.ಶ. 683 ಎನ್ನುತ್ತಾರೆ, ಆ ಪರಂಪರೆಯವರು ಚಂದ್ರನ ದಿನದಿನದ ಸ್ಥಾನಗಳನ್ನು ಅರ್ಥವುಳ್ಳ ಪುಟ್ಟ ವಾಕ್ಯಗಳಾಗಿ ಮಾಡಿ ಬಾಯಿಪಾಠ ಮಾಡಿಸಿದರು. ಒಂದು ಅಂಕಿಗೆ ಮೂರು ನಾಲ್ಕು ಅಕ್ಷರಗಳು ಇದ್ದುದರಿಂದಲೇ ಅರ್ಥ ಕೂಡಿಬರುವಂಥ ಮಾತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು. ಅವರು ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಹೆಸರನ್ನು ಹುಡುಕುತ್ತಿದ್ದರು. ಹೆಸರು ಮೊದಲೇ ಇದ್ದು ಸಂಖ್ಯೆ ಆಮೇಲೆ ಬಂದಾಗ ಕಥೆ ಬೇರೆ.

ಸಂಗೀತದಲ್ಲಿ ಆದದ್ದು ಹೀಗೆ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದು ಆಗ ಬಳಕೆಯಲ್ಲಿದ್ದ ರಾಗಗಳನ್ನು 20 ಮೇಳಗಳಾಗಿ ವಿಂಗಡಿಸಿದ. (ನಮ್ಮ ಬಡಾವಣೆಗೆ ಆ ಪಟ್ಟಣದ ಹೆಸರನ್ನಿಟ್ಟವರು ಒಂದು ರಸ್ತೆಗಾದರೂ ರಾಮಾಮಾತ್ಯನ ಹೆಸರಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!) ವಿಜಯನಗರ ಬಿದ್ದ ಮೇಲೆ ವಿದ್ಯೆ ದಕ್ಷಿಣಕ್ಕೆ ಹರಿಯಿತು. ತಂಜಾವೂರಿನ ನಾಯಕ ಅರಸರಿಗೆ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು. ಅವರ ಮಗ ವೆಂಕಟಮಖಿ. 1633ರಿಂದ 1673ರ ತನಕ ಆಳಿದ ವಿಜಯರಾಘವ ನಾಯಕನ ಕಾಲದಲ್ಲಿ ಈತ ರಚಿಸಿದ ಚತುರ್ದಂಡೀಪ್ರಕಾಶಿಕೆಯಲ್ಲಿ ಮೇಳಗಳ ಎಣಿಕೆ ಬಳಕೆಯನ್ನು ಬಿಟ್ಟು ಗಣಿತಕ್ಕೆ ಏರಿತು. ರಿಷಭ ಗಾಂಧಾರಗಳು ಕೂಡುವ ಬಗೆ ಆರು, ಧೈವತ ನಿಷಾದಗಳು ಕೂಡುವ ಬಗೆ ಆರು, ಒಟ್ಟು 36. ಮಧ್ಯಮ ಎರಡು, ಹಾಗಾಗಿ 72. ಇದಕ್ಕೆ ಒಂದನ್ನು ಸೇರಿಸುವುದಾಗಲಿ ತೆಗೆಯುವುದಾಗಲಿ ಮುಕ್ಕಣ್ಣನಿಂದಲೂ ಆಗದೆಂದು ವೆಂಕಟಮಖಿ ಹೆಮ್ಮೆಪಟ್ಟುಕೊಂಡ. ಆದರೆ ತನ್ನ ಕಾಲದಲ್ಲಿ ಹಾಡುತ್ತಿದ್ದ ಮೇಳಗಳೆಂದು ಅವನು ವಿವರಿಸಿದ್ದು 19ನ್ನು ಮಾತ್ರ. ಉಳಿದವು ಬಾಡಿಗೆದಾರರಿಲ್ಲದ ಮನೆಗಳು.

ಮುಂದಿನವರು ಆ ಮನೆಗಳಿಗೆಲ್ಲ ಹೆಸರು ಬರೆದರು. ಎರಡು ಪಟ್ಟಿಗಳಾದವು. ವೆಂಕಟಮಖಿಯ ಪರಂಪರೆಯದು 'ಕನಕಾಂಬರಿ, ಫೇನದ್ಯುತಿ' ಎಂದು ಮೊದಲಾಗುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಅನುಸರಿಸಿದ್ದು ಇದನ್ನು. ಗೋವಿಂದನೆಂಬ ಲಕ್ಷಣಕಾರನ ಸಂಗ್ರಹಚೂಡಾಮಣಿಯದು 'ಕನಕಾಂಗಿ, ರತ್ನಾಂಗಿ' ಎಂದು. ಇವತ್ತು ಮಕ್ಕಳು ಬಾಯಿಪಾಠ ಮಾಡುವುದು ಇದನ್ನು. ಎರಡರಲ್ಲಿಯೂ ಹೆಸರಿನ ಮೊದಲ ಎರಡು ಅಕ್ಷರಗಳು ಕಟಪಯಾದಿಯ ಪ್ರಕಾರ ಮೇಳದ ಸಂಖ್ಯೆಯನ್ನು ಹೇಳಬೇಕು. ಕನ ಎಂದರೆ 01. ಫೇನ ಎಂದರೂ 02, ರತ್ನ ಎಂದರೂ 02.

ಈ ಸಂಖ್ಯೆ ಮನೆಯ ಬಾಗಿಲಿಗೆ ಹೊಡೆದ ತಗಡಿನಂತಲ್ಲ. ಮನೆಯ ನಕ್ಷೆಯೇ ಅದರಲ್ಲಿದೆ. ಧೀರಶಂಕರಾಭರಣವನ್ನು ತೆಗೆದುಕೊಳ್ಳಿ. ಧೀ 9, ರ 2, ತಿರುಗಿಸಿದರೆ 29. ಒಂದು ಕಳೆದು ಆರರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 4. ಎಂದರೆ ಐದನೆಯ ಚಕ್ರದ ಐದನೆಯ ರಾಗ. ಐದನೆಯ ಚಕ್ರಕ್ಕೆ ಚತುಶ್ಶ್ರುತಿ ರಿಷಭ, ಅಂತರ ಗಾಂಧಾರ. ಐದನೆಯ ಸ್ಥಾನಕ್ಕೆ ಚತುಶ್ಶ್ರುತಿ ಧೈವತ, ಕಾಕಲಿ ನಿಷಾದ. ಮೈಸೂರಿನಲ್ಲಿ ಕುಳಿತವನೂ ತಂಜಾವೂರಿನಲ್ಲಿ ಕುಳಿತವನೂ ಪರಸ್ಪರ ಪತ್ರ ಬರೆಯದೆ, ಪುಸ್ತಕ ತೆರೆಯದೆ, ಹೆಸರೊಂದರಿಂದಲೇ ಒಂದೇ ಸ್ವರಗಳಿಗೆ ಬಂದು ಮುಟ್ಟುತ್ತಾರೆ. ಓಲೆಗರಿಯ ಪ್ರತಿ ಊರಿಗೊಂದು ಸಿಕ್ಕದಿದ್ದ ಕಾಲದಲ್ಲಿ ಇದೇನು ಸಣ್ಣ ಅನುಕೂಲವೇ?

ಆದರೆ ಶಂಕರಾಭರಣವೆಂಬ ರಾಗಕ್ಕೆ ಆ ಹೆಸರು ಈ ಲೆಕ್ಕಕ್ಕಿಂತ ಹಳೆಯದು. ಬರಿಯ 'ಶಂಕರ'ವನ್ನು ಎಣಿಸಿದರೆ ಶ 5, ಕ 1, 15ನೆಯ ಮನೆ. ಅಲ್ಲಿ ಮಾಯಾಮಾಳವಗೌಳ ಕುಳಿತಿದೆ: ಮಾ 5, ಯಾ 1. ಆ ಮಾಳವಗೌಳವೂ ಮಾಯೆಯ ಬೆಂಬಲದಿಂದ ಅಲ್ಲಿಗೆ ಬಂದದ್ದೇ. ಬರಿಯ 'ಮಾಳವ'ವನ್ನು ಲಕಾರ ಮಾಡಿ ಎಣಿಸಿದರೆ 35, ಶೂಲಿನಿಯ ಮನೆ. ಕಲ್ಯಾಣಿಯ ಪಾಡೂ ಅಷ್ಟೆ. ಕ 1, ಲ್ಯಾದಲ್ಲಿ ಯ 1. ಎಂದರೆ 11, ಕೋಕಿಲಪ್ರಿಯದ ಮನೆ. ಕಲ್ಯಾಣಿಯ ಸ್ವರಗಳಾದರೋ 65ಕ್ಕೆ ಸೇರಿದವು. ಆದ್ದರಿಂದ ಒಂದು ಪಟ್ಟಿಯವರು ಅದರ ಮುಂದೆ 'ಮೇಚ' ಎಂದು ಸೇರಿಸಿದರು, ಇನ್ನೊಂದು ಪಟ್ಟಿಯವರು 'ಶಾಂತ' ಎಂದು ಸೇರಿಸಿದರು, ಎರಡೂ 65. ತೋಡಿ ತನ್ನ ಪಾಡಿಗೆ ಹೋದರೆ 36ರಲ್ಲಿ ಚಲನಾಟದ ಬಾಗಿಲು ತಟ್ಟುತ್ತದೆ. ಅದನ್ನು 8ಕ್ಕೆ ಕರೆತರಲು ಒಬ್ಬರು ಹನುಮನನ್ನು ಕಳುಹಿಸಿದರು, ಇನ್ನೊಬ್ಬರು ಜನವನ್ನೇ ಕಳುಹಿಸಿ ಜನತೋಡಿ ಎಂದರು. ಕಾಂಭೋಜಿಗೆ 'ಹರಿ' ಇಲ್ಲದಿದ್ದರೆ ಅದು 28ನ್ನು ಬಿಟ್ಟು 41ಕ್ಕೆ, ಪಾವನಿಯ ಮನೆಗೆ, ಹೋಗುತ್ತಿತ್ತು. ಭೈರವಿ ಮತ್ತು ವರಾಳಿ ಎರಡೂ ಬರಿಗೈಯಲ್ಲಿ ಹೊರಟರೆ 24ರಲ್ಲಿ ವರುಣಪ್ರಿಯದ ಎದುರಿಗೆ ಒಟ್ಟಿಗೆ ಬಂದು ನಿಲ್ಲುತ್ತವೆ. ಈ ಉಪಸರ್ಗಗಳಲ್ಲಿ ಭಕ್ತಿಯನ್ನೂ ರಸವನ್ನೂ ಹುಡುಕಿ ವ್ಯಾಖ್ಯಾನ ಮಾಡುವವರುಂಟು. ಮಾಡಲಿ. ನನಗೆ ಕಾಣುವುದು ಲೆಕ್ಕಿಗನ ಕೈ.

ಹಳೆಯ ರಾಗಗಳಿಗಾದರೆ ಉಪಸರ್ಗವೇ ಗತಿ, ಸರಿ. ಖಾಲಿ ಮನೆಗಳಿಗೆ ಹೊಸದಾಗಿ ಹೆಸರು ಕಟ್ಟುವಾಗಲಾದರೂ ಸೂತ್ರಕ್ಕೆ ಒಪ್ಪುವಂತೆ ಕಟ್ಟಬಹುದಿತ್ತು. ಆದರೆ ಕನಕಾಂಗಿಯ ಪಟ್ಟಿಯವರು ಎಲ್ಲ ಕಡೆಯೂ ಹಾಗೆ ಮಾಡಲಿಲ್ಲ. ಸಂಯುಕ್ತಾಕ್ಷರ ಬಂದರೆ ಅದರ ಕೊನೆಯ ವ್ಯಂಜನವನ್ನು ಎಣಿಸಬೇಕೆಂಬುದು ನಿಯಮ. ರತ್ನಾಂಗಿಯಲ್ಲಿ ತಕಾರವನ್ನು ಬಿಟ್ಟು ನಕಾರವನ್ನು ಹಿಡಿದದ್ದರಿಂದಲೇ 2 ಬಂದದ್ದು. ಸೂರ್ಯಕಾಂತದಲ್ಲಿ ಯಕಾರವನ್ನು ಹಿಡಿದದ್ದರಿಂದ 17. ಹಾಗೆಯೇ ಚಕ್ರವಾಕವನ್ನು ಎಣಿಸಿ: ಚ 6, ಕ್ರದಲ್ಲಿ ರ 2, 26. ಚಿತ್ರಾಂಬರಿಯನ್ನು ಎಣಿಸಿ: ಚಿ 6, ತ್ರದಲ್ಲಿ ರ 2, ಮತ್ತೆ 26. ಆ 26ರಲ್ಲಿ ಚಾರುಕೇಶಿ ನ್ಯಾಯವಾಗಿಯೇ ವಾಸಮಾಡಿಕೊಂಡಿದೆ. ಒಂದು ಮನೆಗೆ ಮೂವರು! ಇಲ್ಲಿ ಶಾಸ್ತ್ರಕಾರರು ಹೆಸರನ್ನು ಮುಟ್ಟದೆ ನಿಯಮವನ್ನೇ ಬಗ್ಗಿಸಿದರು: ಈ ಹೆಸರುಗಳಲ್ಲಿ ಮೊದಲ ವ್ಯಂಜನವನ್ನು ಹಿಡಿಯತಕ್ಕದ್ದು ಎಂದರು. ಆಗ ಚಕ್ರವಾಕ 16ಕ್ಕೂ ಚಿತ್ರಾಂಬರಿ 66ಕ್ಕೂ ಹೋದವು. ದಿವ್ಯಮಣಿ, ವಿಶ್ವಂಭರಿ, ಶ್ಯಾಮಲಾಂಗಿ, ಜ್ಯೋತಿಸ್ವರೂಪಿಣಿಗಳಿಗೂ ಇದೇ ರಿಯಾಯಿತಿ. ಸಿಂಹೇಂದ್ರಮಧ್ಯಮದ ವಿಷಯವಂತೂ ತೀರ ತಮಾಷೆಯದು. ಅನುಸ್ವಾರವನ್ನು ಮಕಾರವೆಂದು ಎಣಿಸಿದರೆ 57 ಬರುತ್ತದೆ. ನಿಯಮದಂತೆ ಹಕಾರವನ್ನು ಎಣಿಸಿದರೆ 87. ಎಪ್ಪತ್ತೆರಡು ಮನೆಗಳ ಬೀದಿಯಲ್ಲಿ ಎಂಬತ್ತೇಳನೆಯ ಮನೆಯನ್ನು ಎಲ್ಲಿ ಹುಡುಕುವುದು?

ಕನಕಾಂಬರಿಯ ಪಟ್ಟಿಯವರು ಈ ವಿಷಯದಲ್ಲಿ ಹೆಚ್ಚು ಎಚ್ಚರದವರು. 16ಕ್ಕೆ ಅವರ ಹೆಸರು ತೋಯವೇಗವಾಹಿನಿ, 26ಕ್ಕೆ ತರಂಗಿಣಿ, 66ಕ್ಕೆ ಚತುರಂಗಿಣಿ. 48 ಜೀವಂತಿಕಾ, 54 ವಂಶವತಿ, 57 ಸುಮದ್ಯುತಿ. ಎಣಿಸಿ ನೋಡಿ, ಒಂದೂ ತಪ್ಪುವುದಿಲ್ಲ. 68ರ ಜ್ಯೋತಿಯಂಥ ಒಂದೆರಡು ಕಡೆ ಅವರೂ ಜಾರಿದ್ದುಂಟು. ಆದರೆ ಒಟ್ಟಿನಲ್ಲಿ ಲೆಕ್ಕ ಚೊಕ್ಕ. ಹಾಗಿದ್ದೂ ಗೆದ್ದದ್ದು ಕನಕಾಂಗಿಯ ಪಟ್ಟಿ. ಏಳು ಸ್ವರಗಳೂ ಕ್ರಮವಾಗಿ ಏರಿ ಇಳಿಯುವ ಸಂಪೂರ್ಣ ಮೇಳಗಳು ಪಾಠಕ್ಕೆ ಸುಲಭವೆಂಬುದು ಮುಖ್ಯ ಕಾರಣ. ಮಹಾವೈದ್ಯನಾಥ ಅಯ್ಯರ್ ಅವರ 72 ಮೇಳಗಳ ರಾಗಮಾಲಿಕೆಯೂ ಆ ಹೆಸರುಗಳನ್ನು ಜನರ ಕಿವಿಗೆ ತಂದಿತು. ಆದರೆ ಹೆಸರುಗಳ ಅಂದವೂ ಸ್ವಲ್ಪ ಕೆಲಸ ಮಾಡಿರಬೇಕೆಂದು ನನ್ನ ಗುಮಾನಿ. ತೋಯವೇಗವಾಹಿನಿ ಎಂಬುದು ಲೆಕ್ಕಕ್ಕೆ ಸರಿಯಾದ ಹೆಸರು, ನಿಜ. ಅದನ್ನು ನಾಲಗೆಯ ಮೇಲೆ ಹೊರುವುದಕ್ಕಿಂತ ಚಕ್ರವಾಕ ಎಂದು ಹೇಳಿ ಒಂದು ವಿನಾಯಿತಿಯನ್ನು ನೆನಪಿಟ್ಟುಕೊಳ್ಳುವುದೇ ವಾಸಿ ಎಂದು ಹಿಂದಿನವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಈಗ ಅಣ್ಣನ ಮಗಳ ಯಂತ್ರಕ್ಕೆ ಬರೋಣ. ಅವಳು ತೋರಿಸಿದ್ದು ಓಕ್ಯಾಮಲ್ ಎಂಬ ಗಣಕಭಾಷೆ. ಫ್ರಾನ್ಸಿನ ಇನ್ರಿಯಾ ಸಂಶೋಧನ ಸಂಸ್ಥೆಯಲ್ಲಿ 1996ರಲ್ಲಿ ರೂಪುಗೊಂಡದ್ದು. 'ಇದನ್ನು ಮಾಡು, ಆಮೇಲೆ ಅದನ್ನು ಮಾಡು' ಎಂದು ಆಜ್ಞೆಗಳ ಸರಣಿ ಕೊಡುವುದಕ್ಕಿಂತ ಗಣಿತದ ಫಲನಗಳಂತೆ ಲೆಕ್ಕವನ್ನು ನಿರೂಪಿಸುವ ಕುಲಕ್ಕೆ ಸೇರಿದ್ದು. ಒಂದು ವಸ್ತು ಹಲವು ರೂಪಗಳಲ್ಲಿ ಬರಬಹುದಾದರೆ ಇದು ಯಾವ ರೂಪ ಎಂದು ತಿಳಿಯಲು ಅದಕ್ಕೆ ಹೆಸರಿನ ಚೀಟಿ ಅಂಟಿಸುತ್ತಾರೆ. ಸಾಮಾನ್ಯವಾಗಿ ಚೀಟಿಗಳ ಪಟ್ಟಿಯನ್ನು ಮೊದಲೇ ಘೋಷಿಸಬೇಕು. ಯಂತ್ರ ಅವಕ್ಕೆ 0, 1, 2 ಎಂದು ಕ್ರಮಸಂಖ್ಯೆ ಕೊಡುತ್ತದೆ. ಜಾಕ್ ಗ್ಯಾರಿಗ್ ಎಂಬ ವಿದ್ವಾಂಸರು ಜಪಾನಿನಲ್ಲಿದ್ದುಕೊಂಡು ಇನ್ನೊಂದು ಬಗೆಯ ಚೀಟಿಯನ್ನು ರೂಪಿಸಿದರು. 2000ದಲ್ಲಿ ಅದು ಈ ಭಾಷೆಯೊಳಕ್ಕೆ ಬಂತು. ಇದಕ್ಕೆ ಮುಂಚಿತವಾದ ಪಟ್ಟಿ ಬೇಡ. ಬೇರೆ ಬೇರೆ ಊರಿನವರು ಬೇರೆ ಬೇರೆ ಕಡತಗಳಲ್ಲಿ ಒಂದೇ ಹೆಸರನ್ನು ಬರೆದರೂ ಯಂತ್ರ ಅದನ್ನು ಒಂದೇ ಎಂದು ಗುರುತಿಸಬೇಕು. ಪಟ್ಟಿಯಿಲ್ಲದೆ ಎಲ್ಲರಿಗೂ ಒಂದೇ ಸಂಖ್ಯೆ ಬರಬೇಕಾದರೆ ಅದು ಹೆಸರಿನೊಳಗಿಂದಲೇ ಬರಬೇಕಷ್ಟೆ. ಮೈಸೂರು ತಂಜಾವೂರುಗಳ ಕಥೆಯೇ ಇದು.

ಆ ಯಂತ್ರದ ಕಟಪಯಾದಿ ಹೀಗಿದೆ. ಹೆಸರಿನ ಅಕ್ಷರಗಳನ್ನು ಎಡದಿಂದ ಒಂದೊಂದಾಗಿ ತೆಗೆದುಕೊಂಡು, ಅದುವರೆಗಿನ ಮೊತ್ತವನ್ನು 223ರಿಂದ ಗುಣಿಸಿ ಹೊಸ ಅಕ್ಷರದ ಸಂಖ್ಯೆಯನ್ನು ಕೂಡುವುದು. ಮೊತ್ತ ಎಷ್ಟು ಬೆಳೆದರೂ ಎರಡರ 31ನೆಯ ಘಾತದಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳುವುದು. ಇದಕ್ಕೆ ಹ್ಯಾಷ್ ಎನ್ನುತ್ತಾರೆ. ನಮ್ಮದು ಎರಡೇ ಅಕ್ಷರ ನೋಡುತ್ತದೆ, ಅದು ಇಡೀ ಹೆಸರನ್ನು ನೋಡುತ್ತದೆ; ನಮ್ಮ ಬೀದಿಯಲ್ಲಿ ಎರಡಂಕಿಯ ನೂರು ನಿವೇಶನ, ಅಲ್ಲಿ 214 ಕೋಟಿಗೂ ಹೆಚ್ಚು. ಆದರೂ ಘರ್ಷಣೆ ತಪ್ಪಿದ್ದಲ್ಲ. ಇಪ್ಪತ್ತಮೂರು ಜನ ಸೇರಿದ ಕಡೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬ ಲೆಕ್ಕವನ್ನು ಓದುಗರು ಕೇಳಿರಬಹುದು. ಅದೇ ಲೆಕ್ಕದಲ್ಲಿ, ಕಣ್ಣುಮುಚ್ಚಿ ಹೆಸರಿಡುತ್ತ ಹೋದರೆ ಆ 214 ಕೋಟಿ ಮನೆಗಳ ಊರಿನಲ್ಲಿಯೂ ಸುಮಾರು 55 ಸಾವಿರ ಹೆಸರುಗಳಾಗುವಷ್ಟರಲ್ಲಿ ಎಲ್ಲೋ ಒಂದು ಕಡೆ ಇಬ್ಬರು ಒಂದೇ ಬಾಗಿಲಿಗೆ ಬರುವ ಸಂಭವ ಅರ್ಧದಷ್ಟಿದೆ. ನಮ್ಮ ನೂರರ ಬೀದಿಯಲ್ಲಾದರೆ ಅದಕ್ಕೆ ಹದಿಮೂರು ಹೆಸರು ಸಾಕು.

ಅವಳು ತೋರಿಸಿದ ಎರಡು ಹೆಸರುಗಳನ್ನು ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ಭಾಗಿಸುವುದಕ್ಕೆ ಮುಂಚೆ ಅವುಗಳ ಅಂತರ ಎರಡರ 31ನೆಯ ಘಾತದ 97,327 ಪಟ್ಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಂಥ ಜೋಡಿ ಒಂದೇ ಪಟ್ಟಿಯೊಳಗೆ ಬಂದರೆ ಯಂತ್ರ ಒಪ್ಪುವುದಿಲ್ಲ. ಬರೆದವರು ಒಂದು ಹೆಸರಿಗೆ ಏನಾದರೂ ಜೋಡಿಸಿ ಬದಲಾಯಿಸಬೇಕು. ಕಲ್ಯಾಣಿಗೆ ಮೇಚ ಬಂದಂತೆಯೇ. ಚಕ್ರವಾಕಕ್ಕೆ ತೋರಿಸಿದ ದಾಕ್ಷಿಣ್ಯವನ್ನು ಮಾತ್ರ ಅದು ಯಾರಿಗೂ ತೋರಿಸುವುದಿಲ್ಲ.

ಯಂತ್ರ ಕೂಗಿ ಹೇಳುತ್ತದೆ, ಕಾಗದ ಹೇಳುವುದಿಲ್ಲ. ಚಪ್ಪರದ ವೃದ್ಧರ ಆತಂಕ ಇದ್ದದ್ದು ಇಲ್ಲಿಯೇ. ವರ್ಗೀಯ ವ್ಯಂಜನಗಳಲ್ಲಿ ಮಹಾಪ್ರಾಣದ ಬೆಲೆ ಯಾವಾಗಲೂ ಅದರ ಅಲ್ಪಪ್ರಾಣಕ್ಕಿಂತ ಒಂದು ಹೆಚ್ಚು: ಕ 1, ಖ 2, ಗ 3, ಘ 4, ದ 8, ಧ 9. ಉಸಿರು ಬಿಟ್ಟರೆ ಒಂದು ಬಿಟ್ಟಂತೆ. 'ದೀರಶಂಕರಾಭರಣ' ಎಂದು ಬರೆದರೆ 28. ಅದು ಹರಿಕಾಂಭೋಜಿ, ಕಾಕಲಿ ನಿಷಾದ ಹೋಗಿ ಕೈಶಿಕಿ ನಿಷಾದ ಬಂತು. 'ಕರಹರಪ್ರಿಯ' ಎಂದರೆ 22 ತಪ್ಪಿ 21, ಕೀರವಾಣಿ. 'ದೇನುಕ' ಎಂದರೆ 9 ತಪ್ಪಿ 8, ಸಾಕ್ಷಾತ್ ಹನುಮತೋಡಿ. 'ಬಾವಪ್ರಿಯ' 44ರಿಂದ 43ಕ್ಕೆ, ಗವಾಂಬೋಧಿಗೆ. ನಠಭೈರವಿಯಲ್ಲಿ ಮಹಾಪ್ರಾಣ ಎರಡನೆಯ ಅಕ್ಷರವಾದ್ದರಿಂದ ಜಾರಿದರೆ ಒಂದು ಮೆಟ್ಟಿಲಲ್ಲ, ಹತ್ತು ಮೆಟ್ಟಿಲು: 20ರಿಂದ 10ಕ್ಕೆ, ನಾಟಕಪ್ರಿಯಕ್ಕೆ. ಕನ್ನಡದ ಬಾಯಿಗೆ ಮಹಾಪ್ರಾಣ ಒಗ್ಗುವುದಿಲ್ಲ, ಲಿಪಿಯಿಂದಲೇ ಕೈಬಿಡೋಣ ಎನ್ನುವ ಭಾಷಾವಿದ್ವಾಂಸರು ನಮ್ಮಲ್ಲಿದ್ದಾರೆ. ಆಡುಮಾತಿನ ಮಟ್ಟಿಗೆ ಅವರ ವಾದದಲ್ಲಿ ಹುರುಳಿದೆ. ತರಗತಿಯಲ್ಲಿ ನಿತ್ಯ ಕೇಳುವ ನನಗೆ ಅದು ಗೊತ್ತು. ಆದರೆ ಅದಕ್ಕೆ ತೆರಬೇಕಾದ ಬೆಲೆಯಲ್ಲಿ ಈ ರಾಗಗಳನ್ನೂ ಸೇರಿಸಿಕೊಳ್ಳಬೇಕು. ತಮಿಳು ಲಿಪಿಯಲ್ಲಿ ಟ, ಠ, ಡ, ಢ ನಾಲ್ಕಕ್ಕೂ ಒಂದೇ ಅಕ್ಷರ. ತಂಜಾವೂರಿನ ಸೀಮೆಯಲ್ಲಿ ಬೆಳೆದ ಈ ಲೆಕ್ಕ ಆ ಲಿಪಿಯಲ್ಲಿ ನಿಲ್ಲುವುದಿಲ್ಲ, ಕನ್ನಡ ತೆಲುಗು ಲಿಪಿಗಳಲ್ಲಿ ನಿಲ್ಲುತ್ತದೆ. ಇದ್ದದ್ದನ್ನು ನಾವಾಗಿ ಕಳೆದುಕೊಳ್ಳುವ ಅವಸರವೇನು?

ಕನ್ನಡನಾಡಿನಲ್ಲಿ ಇದಕ್ಕೆ ತಿರುವುಮುರುವಾದ ತೊಡಕೂ ಒಂದುಂಟು: ಹೆಸರು ಒಂದೇ, ಮನೆ ಬೇರೆ. ಮೈಸೂರಿನವನ ತೋಡಿ 8ನೆಯ ಮೇಳ. ಧಾರವಾಡದವನ ತೋಡಿಯ ಸ್ವರಗಳು ನಮ್ಮ ಲೆಕ್ಕದಲ್ಲಿ 45, ಶುಭಪಂತುವರಾಳಿ. ನಮ್ಮ 8ರ ಸ್ವರಗಳಿಗೆ ಅವರು ಕೊಟ್ಟ ಹೆಸರು ಭೈರವಿ. ನಮ್ಮ ಭೈರವಿಯಾದರೋ 20ರ ಮಗಳು. ಹಿಂದೂಸ್ತಾನಿಯ ಹತ್ತು ಥಾಟುಗಳನ್ನು ಗೊತ್ತುಮಾಡಿದ ಭಾತಖಂಡೆಯವರು ವೆಂಕಟಮಖಿಯ ಗ್ರಂಥವನ್ನು ಬಲ್ಲವರೇ. ಆದರೆ ಹತ್ತು ಮನೆಗಳ ಬೀದಿಗೆ ಸಂಖ್ಯೆ ಯಾಕೆಂದೋ ಏನೋ, ಅಕ್ಷರಸಂಖ್ಯೆಯ ಗೊಡವೆಗೆ ಹೋಗಲಿಲ್ಲ. ಅವರ ಕಲ್ಯಾಣ ಥಾಟಿಗೆ ಮೇಚವೂ ಇಲ್ಲ, ಶಾಂತವೂ ಇಲ್ಲ. ಹಾಗೆ ನೋಡಿದರೆ ದಕ್ಷಿಣದಲ್ಲಿಯೂ ಮೇಚಕಲ್ಯಾಣಿ ಎಂದು ಪೂರ್ತಿಯಾಗಿ ಹೇಳುವುದು ಪಾಠದ ಹೊತ್ತಿನಲ್ಲಿ. ಕಚೇರಿಯಲ್ಲಿ ಎಲ್ಲರೂ ಕಲ್ಯಾಣಿ ಎಂದೇ ಅನ್ನುತ್ತಾರೆ, ಶಂಕರಾಭರಣ ಎಂದೇ ಅನ್ನುತ್ತಾರೆ.

ಅಂದು ಚಪ್ಪರದಲ್ಲಿ ಆ ವಿದುಷಿ ಆಲಾಪನೆ ಎತ್ತಿಕೊಂಡಾಗ ಬಂದದ್ದು ನಠಭೈರವಿಯೇ. ಚತುಶ್ಶ್ರುತಿ ರಿಷಭ, ಶುದ್ಧ ಧೈವತ, ಯಾವುದೂ ತಪ್ಪಿರಲಿಲ್ಲ. ಪಕ್ಕದ ವೃದ್ಧರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಪಟ್ಟಿಯನ್ನು ಮಂಡಿಯ ಮೇಲಿಟ್ಟುಕೊಂಡು ಟಕಾರವನ್ನು ಠಕಾರವಾಗಿ ತಿದ್ದಿದರು. ನನ್ನ ಪ್ರತಿಯನ್ನೂ ಕೇಳಿ ಇಸಿದುಕೊಂಡು ತಿದ್ದಿಕೊಟ್ಟರು.